ಹಲ್ಲಿನ ಚಿಕಿತ್ಸೆಯ ಖರ್ಚು: ಹಣ ಹೊಂದಿಸುವುದಕ್ಕೆ ಮೊದಲು, ಹೊಂದಿಸುವಾಗ

ಹಲ್ಲಿನ ವೈದ್ಯರ ಬಳಿಗೆ ಹೋದವರು ಬಹಳ ಸಲ ಒಂದು ಹಾಳೆ ಹಿಡಿದುಕೊಂಡು ಹೊರಗೆ ಬರುತ್ತಾರೆ. ಆ ಹಾಳೆಯ ಕೊನೆಯಲ್ಲಿ ಒಂದು ದೊಡ್ಡ ಮೊತ್ತ ಇರುತ್ತದೆ. ಮನೆಗೆ ಬರುವಷ್ಟರಲ್ಲಿ ಉಳಿದ ಸಾಲುಗಳೆಲ್ಲ ಮರೆತುಹೋಗಿ ಆ ಮೊತ್ತವೊಂದೇ ತಲೆಯಲ್ಲಿ ಉಳಿಯುತ್ತದೆ, ಮತ್ತು ಇಷ್ಟು ಹಣ ಎಲ್ಲಿಂದ ತರುವುದು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಆ ಪ್ರಶ್ನೆಗೆ ಉತ್ತರಗಳಿವೆ, ಅವುಗಳನ್ನು ಇಂದು ಒಂದೊಂದಾಗಿ ನೋಡೋಣ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಈ ಮೊತ್ತ ಯಾವ ಯಾವ ಕೆಲಸಗಳಿಂದ ಆಗಿದೆ, ಅವುಗಳಲ್ಲಿ ಯಾವುದು ಈಗಲೇ ಬೇಕು, ಯಾವುದು ಕಾಯಬಹುದು, ಯಾವುದಕ್ಕೆ ಬೇರೆ ದಾರಿ ಇದೆ? ಹಣ ಒದಗಿಸುವ ದಾರಿಗಳು ಒಟ್ಟು ಮೊತ್ತಕ್ಕೆ ಒದಗುವುದು ಅಪರೂಪ. ಬಿಡಿಸಿಟ್ಟ ಭಾಗಗಳಿಗೆ ಒದಗುತ್ತವೆ.

ದೇಹದ ಬೇರೆ ಕಾಯಿಲೆಗಳಿಗಿಂತ ಹಲ್ಲಿನ ಖರ್ಚು ನಮ್ಮ ಕೈಯಿಂದಲೇ ಹೋಗುವುದು ಏಕೆ ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅನೇಕರು ಇದನ್ನು ತಮ್ಮ ವೈಯಕ್ತಿಕ ಸೋಲು ಎಂದು ಭಾವಿಸಿ ನಾಚಿಕೊಳ್ಳುತ್ತಾರೆ. ಜಗತ್ತಿನ ಮೊದಲ ದಂತ ವೈದ್ಯಕೀಯ ಕಾಲೇಜು 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆರಂಭವಾದಾಗ ಅದು ವೈದ್ಯಕೀಯ ಕಾಲೇಜಿನ ಒಂದು ವಿಭಾಗವಾಗಿರಲಿಲ್ಲ, ಪ್ರತ್ಯೇಕ ಸಂಸ್ಥೆಯಾಗಿತ್ತು. ಓದು ಬೇರೆಯಾಯಿತು, ಪದವಿ ಬೇರೆಯಾಯಿತು, ಕಾಲಕ್ರಮದಲ್ಲಿ ಆಸ್ಪತ್ರೆ ಮತ್ತು ವಿಮೆಯ ಲೆಕ್ಕವೂ ಬಹುಮಟ್ಟಿಗೆ ಬೇರೆಯಾಯಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರಲ್ಲಿ ಶುರುವಾದಾಗ ಹಲ್ಲಿನ ಚಿಕಿತ್ಸೆಯೂ ಉಚಿತವಾಗಿತ್ತು. ಹಲ್ಲಿನ ಸೆಟ್ಟಿಗಾಗಿ ಬಂದ ಜನರ ಸಂಖ್ಯೆ ಸರ್ಕಾರದ ಅಂದಾಜನ್ನು ಮೀರಿತು, ಮತ್ತು 1951ರಲ್ಲಿ ಹಲ್ಲಿನ ಸೆಟ್ಟು ಹಾಗೂ ಕನ್ನಡಕಗಳಿಗೆ ಶುಲ್ಕ ಬಂದಿತು. ಆ ನಿರ್ಧಾರವನ್ನು ಒಪ್ಪದೆ, ಆ ಸೇವೆಯನ್ನೇ ಕಟ್ಟಿದ್ದ ಅನ್ಯೂರಿನ್ ಬೆವನ್ ಸಚಿವ ಸ್ಥಾನ ಬಿಟ್ಟರು. ಅಮೆರಿಕದಲ್ಲಿ 1965ರಲ್ಲಿ ಹಿರಿಯರಿಗಾಗಿ ಬಂದ ಸರ್ಕಾರಿ ಆರೋಗ್ಯ ವಿಮೆಯ ಮೆಡಿಕೇರ್ ಕಾನೂನು ಸಾಮಾನ್ಯ ಹಲ್ಲಿನ ಚಿಕಿತ್ಸೆಯನ್ನು ಹೊರಗಿಟ್ಟಿತು. ವೈದ್ಯರ ಮತ್ತು ಆಸ್ಪತ್ರೆಯ ಖರ್ಚನ್ನು ಸರ್ಕಾರವೇ ಭರಿಸುವ ಕೆನಡಾದಲ್ಲಿ ಕೂಡ ಖಾಸಗಿ ದಂತ ವಿಮೆ ಇಲ್ಲದವರಿಗಾಗಿ ರಾಷ್ಟ್ರಮಟ್ಟದ ಯೋಜನೆಯ ಸೇವೆ ದೊರೆಯತೊಡಗಿದ್ದು 2024ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸುಮಾರು 350 ಕೋಟಿ ಜನರಿಗೆ ಬಾಯಿಯ ಯಾವುದಾದರೊಂದು ಕಾಯಿಲೆ ಇದೆ, ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮನುಷ್ಯರಿಗೆ. ಇಷ್ಟು ವ್ಯಾಪಕವಾದ ಒಂದು ಕೊರತೆಗೆ ನೀವೊಬ್ಬರೇ ತಲೆ ತಗ್ಗಿಸಬೇಕಾದ ಕಾರಣವಿಲ್ಲ.

ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಹಣ ಇಲ್ಲ ಎಂದು ಹೇಳಲು ಸಂಕೋಚಪಟ್ಟವರು 'ಯೋಚಿಸಿ ಬರುತ್ತೇನೆ' ಎಂದು ಹೋಗಿ ಮತ್ತೆ ಬರುವುದಿಲ್ಲ. ಸಣ್ಣ ಹುಳುಕು ಒಂದು ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿದ್ದದ್ದು ಬೇರಿನವರೆಗೆ ಇಳಿದು ರೂಟ್ ಕೆನಾಲ್ (ಬೇರಿನೊಳಗಿನ ನಾಳಗಳನ್ನು ಶುಚಿಗೊಳಿಸಿ ಮುಚ್ಚುವ ಚಿಕಿತ್ಸೆ) ಕೇಳುತ್ತದೆ, ಅದನ್ನೂ ಮುಂದೂಡಿದರೆ ಹಲ್ಲನ್ನೇ ಕೀಳಬೇಕಾಗುತ್ತದೆ, ಆಮೇಲೆ ಆ ಖಾಲಿ ಜಾಗವನ್ನು ತುಂಬುವ ಖರ್ಚು ಮೊದಲಿನದರ ಎಷ್ಟೋ ಪಟ್ಟು ಆಗುತ್ತದೆ. 'ಈಗ ನನ್ನಿಂದ ಇಷ್ಟು ಮಾತ್ರ ಸಾಧ್ಯ, ಇಷ್ಟರಲ್ಲಿ ಮೊದಲು ಏನು ಮಾಡಬೇಕು ಹೇಳಿ' ಎಂಬ ಒಂದು ಮಾತನ್ನು ಆ ಕುರ್ಚಿಯಲ್ಲಿ ಕುಳಿತಾಗಲೇ ಹೇಳಿಬಿಡಿ. ವೈದ್ಯರಿಗೆ ಅದು ಎಕ್ಸ್-ರೇಯಷ್ಟೇ ಉಪಯುಕ್ತವಾದ ಮಾಹಿತಿ. ಅದನ್ನು ತಿಳಿಯದೆ ಅವರು ಹಾಕಿಕೊಡುವ ಯೋಜನೆ ನಿಮ್ಮ ಬಾಯಿಗೆ ಸರಿಹೊಂದಿದರೂ ನಿಮ್ಮ ಬದುಕಿಗೆ ಹೊಂದದೆ ಹೋಗಬಹುದು. ಆ ಮಾತನ್ನು ಕೇಳಿ ಮುಖ ತಿರುಗಿಸುವವರ ಬಳಿ ದೊಡ್ಡ ಚಿಕಿತ್ಸೆಗೆ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

ಚಿಕಿತ್ಸೆ ಇಷ್ಟು ದುಬಾರಿಯಾಗಲು ಕಾರಣಗಳಿವೆ. ಇಲ್ಲಿ ನಡೆಯುವ ಹೆಚ್ಚಿನ ಕೆಲಸ ಮಾತ್ರೆ ಬರೆದುಕೊಟ್ಟು ಮುಗಿಯುವಂಥದ್ದಲ್ಲ. ಪ್ರತಿಯೊಂದೂ ಸಣ್ಣ ಶಸ್ತ್ರಚಿಕಿತ್ಸೆ. ರೂಟ್ ಕೆನಾಲನ್ನೇ ನೋಡಿ: ದವಡೆ ಹಲ್ಲಿನಲ್ಲಿ ಮೂರೋ ನಾಲ್ಕೋ ಸೂಕ್ಷ್ಮ ನಾಳಗಳಿರುತ್ತವೆ, ಪ್ರತಿಯೊಂದನ್ನೂ ಹುಡುಕಿ ಶುಚಿಗೊಳಿಸಿ ಮುಚ್ಚಬೇಕು. ಒಂದೇ ನಾಳವಿರುವ ಮುಂದಿನ ಹಲ್ಲಿಗಿಂತ ಅದಕ್ಕೆ ಹೆಚ್ಚು ದರ ಇರುವುದು ಅದಕ್ಕಾಗಿಯೇ. ಹಲ್ಲಿನ ಮೇಲೆ ಮುಚ್ಚುವ ಕ್ಯಾಪ್, ಖಾಲಿ ಜಾಗಕ್ಕೆ ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ ಬ್ರಿಡ್ಜ್, ಸೆಟ್ಟು ಇವೆಲ್ಲವನ್ನೂ ಒಬ್ಬರ ಬಾಯಿಗಾಗಿಯೇ ಪ್ರಯೋಗಾಲಯದಲ್ಲಿ ತಯಾರಿಸಬೇಕು. ಬಿಲ್ಲಿನಲ್ಲಿ ವೈದ್ಯರ ಸಮಯ, ಪ್ರಯೋಗಾಲಯದ ಶುಲ್ಕ, ಸಾಮಗ್ರಿಯ ಬೆಲೆ ಎಲ್ಲವೂ ಬೆರೆತಿರುತ್ತವೆ. ಇವುಗಳಲ್ಲಿ ಸಾಮಗ್ರಿಯ ಆಯ್ಕೆಯಲ್ಲಿ ನಿಮಗೆ ಸ್ವಾತಂತ್ರ್ಯ ಹೆಚ್ಚು, ವೈದ್ಯರ ಸಮಯದಲ್ಲಿ ಕಡಿಮೆ.

ಆದ್ದರಿಂದ ಮೊದಲ ಭೇಟಿಯಲ್ಲಿ ಕೇಳಬೇಕಾದದ್ದು ಬರಹದಲ್ಲಿರುವ ಚಿಕಿತ್ಸಾ ಯೋಜನೆ. ಯಾವ ಹಲ್ಲಿಗೆ ಯಾವ ಕೆಲಸ, ಯಾವ ಸಾಮಗ್ರಿ, ಪ್ರತಿಯೊಂದಕ್ಕೂ ಎಷ್ಟು, ಯಾವ ಕ್ರಮದಲ್ಲಿ, ತಡ ಮಾಡಿದರೆ ಏನಾಗುತ್ತದೆ ಎಂಬಷ್ಟು ಅದರಲ್ಲಿರಬೇಕು. ಎಕ್ಸ್-ರೇಯ ಪ್ರತಿಯನ್ನೂ ಕೇಳಿ ಪಡೆಯಿರಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬರ ಯೋಜನೆಯಲ್ಲಿ ನಾಲ್ಕು ಫಿಲ್ಲಿಂಗ್, ವಸಡಿನ ಆಳವಾದ ಕ್ಲೀನಿಂಗ್, ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮತ್ತು ಕ್ಯಾಪ್, ಹಿಂದೆಯೇ ಕಿತ್ತುಹೋದ ಎರಡು ಹಲ್ಲುಗಳ ಜಾಗದಲ್ಲಿ ಇಂಪ್ಲಾಂಟ್ (ದವಡೆಯ ಎಲುಬಿನೊಳಗೆ ಕೂರಿಸುವ ಕೃತಕ ಬೇರು), ಮುಂದಿನ ಹಲ್ಲುಗಳ ಬಣ್ಣ ತಿಳಿಗೊಳಿಸುವುದು ಇಷ್ಟೂ ಇದೆ ಎನ್ನಿ. ಒಟ್ಟು ಮೊತ್ತ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಈಗ ಇದನ್ನು ಬಿಡಿಸಿ. ನೋವು ಮತ್ತು ಕೀವು ಇರುವ ಹಲ್ಲಿನ ರೂಟ್ ಕೆನಾಲ್ ಮೊದಲು. ಅದರ ಜೊತೆಗೋ ಹಿಂದೆಯೋ ಹುಳುಕು ಹರಡದಂತೆ ತಡೆಯುವ ಫಿಲ್ಲಿಂಗ್‌ಗಳು ಮತ್ತು ವಸಡಿನ ಕ್ಲೀನಿಂಗ್. ಇವು ಒಟ್ಟು ಮೊತ್ತದಲ್ಲಿ ಚಿಕ್ಕ ಪಾಲು, ಆದರೆ ಉಳಿದೆಲ್ಲ ಕೆಲಸ ನಿಲ್ಲುವುದು ಇವುಗಳ ಮೇಲೆ. ವಸಡಿನ ಕಾಯಿಲೆ ಹತೋಟಿಗೆ ಬಾರದ ಬಾಯಲ್ಲಿ ಇಂಪ್ಲಾಂಟ್ ಹಾಕುವುದು ಹೇಗೂ ಸರಿಯಲ್ಲ. ಇಂಪ್ಲಾಂಟ್‌ಗಳು ಅನೇಕ ತಿಂಗಳು ಕಾಯಬಹುದು. ಹಾಕಿಸಿದ ಮೇಲೂ ಟೈಟೇನಿಯಂ ತಿರುಪು ಎಲುಬಿನೊಂದಿಗೆ ಬೆಸೆಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಅದರ ಮೇಲಿನ ಹಲ್ಲನ್ನು ಕೂರಿಸುವುದು ಆಮೇಲೆ. ಹಾಗಾಗಿ ಆ ಖರ್ಚು ತಾನಾಗಿಯೇ ಎರಡು ಭಾಗವಾಗುತ್ತದೆ. ಬಣ್ಣದ ಮಾತು ಕೊನೆಗೆ. ಒಂದೇ ದಿನ ಕಟ್ಟಬೇಕೆಂದು ತೋರಿದ ಮೊತ್ತ ಹೀಗೆ ಒಂದೆರಡು ವರ್ಷಗಳ ಮೇಲೆ ಹರಡಿಕೊಳ್ಳುತ್ತದೆ, ಮತ್ತು ಇದು ಕೇವಲ ಹಣದ ಅನುಕೂಲಕ್ಕಾಗಿ ಮಾಡಿಕೊಂಡ ಹೊಂದಾಣಿಕೆಯಲ್ಲ. ದಂತ ವೈದ್ಯಶಾಸ್ತ್ರ ಹೇಳಿಕೊಡುವ ಕ್ರಮವೂ ಇದೇ.

ಕಾಯಲಾಗದ ಸಂಗತಿಗಳೂ ಇವೆ. ಮುಖ ಅಥವಾ ಕತ್ತು ಊದಿಕೊಂಡು ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಹಣದ ಲೆಕ್ಕ ಬದಿಗಿಟ್ಟು ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಹಲ್ಲಿನ ಸೋಂಕು ಕತ್ತಿಗೆ ಇಳಿದು ಜೀವಕ್ಕೆ ಅಪಾಯವಾಗುವುದುಂಟು. ಆ್ಯಂಟಿಬಯಾಟಿಕ್ ನುಂಗಿ ನೋವು ಕಡಿಮೆಯಾಯಿತೆಂದು ಸುಮ್ಮನಾಗುವುದು ಇನ್ನೊಂದು ತಪ್ಪು ಲೆಕ್ಕ: ಹಲ್ಲಿನೊಳಗೆ ಸತ್ತ ನರದಲ್ಲಿರುವ ಸೋಂಕಿನ ಮೂಲವನ್ನು ಮಾತ್ರೆ ತೆಗೆಯುವುದಿಲ್ಲ, ಕೆಲವು ಕಾಲ ಅಡಗಿಸುತ್ತದೆ ಅಷ್ಟೆ. ರೂಟ್ ಕೆನಾಲ್ ಮುಗಿದ ಹಿಂದಿನ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನೂ ಬಹಳ ಮುಂದೂಡಬಾರದು. ಹಾಗೆ ಬಿಟ್ಟ ಹಲ್ಲು ಸೀಳಿದರೆ ಮೊದಲು ಕೊಟ್ಟ ಹಣವೂ ಹೋಗುತ್ತದೆ. ಕ್ಯಾಪಿಗೆ ಈಗ ಹಣವಿಲ್ಲದಿದ್ದರೆ, ಹಲ್ಲಿನ ದುರ್ಬಲ ಅಂಚುಗಳನ್ನು ಮುಚ್ಚುವಂತಹ ಗಟ್ಟಿ ಫಿಲ್ಲಿಂಗ್ ಹಾಕಿ ಕೆಲವು ತಿಂಗಳು ಕಳೆಯಬಹುದೇ ಎಂದು ಕೇಳಿ.

ಈಗ ಪರ್ಯಾಯಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಹೆಚ್ಚು ಹಣ ಉಳಿಯುವುದು ಇಲ್ಲಿಯೇ, ಮತ್ತು ಜನರಿಗೆ ಕಡಿಮೆ ತಿಳಿದಿರುವುದೂ ಇದೇ. ಕಿತ್ತ ಪ್ರತಿಯೊಂದು ಹಲ್ಲಿನ ಜಾಗವನ್ನೂ ತುಂಬಲೇಬೇಕೆಂಬ ನಂಬಿಕೆ ಬಲವಾಗಿದೆ. ನೆದರ್ಲೆಂಡ್ಸಿನ ನೈಮೇಗನ್ ವಿಶ್ವವಿದ್ಯಾಲಯದ ಆರ್ಂಡ್ ಕೈಸರ್ 1980ರ ದಶಕದ ಆರಂಭದಲ್ಲಿ ಮುಂದಿಟ್ಟ ವಿಚಾರ ಇದನ್ನು ಪ್ರಶ್ನಿಸಿತು: ಹಿಂದಿನ ದವಡೆ ಹಲ್ಲುಗಳು ಹೋಗಿದ್ದರೂ ಮುಂದಿನ ಹಲ್ಲುಗಳು ಮತ್ತು ಅವುಗಳ ಹಿಂದಿನ ಸಣ್ಣ ದವಡೆ ಹಲ್ಲುಗಳು, ಒಟ್ಟು ಇಪ್ಪತ್ತರಷ್ಟು, ಗಟ್ಟಿಯಾಗಿದ್ದರೆ ಅನೇಕ ವಯಸ್ಕರು ತೊಂದರೆಯಿಲ್ಲದೆ ಅಗಿಯಬಲ್ಲರು. ಎಲ್ಲರಿಗೂ ಇದು ಹೊಂದುವುದಿಲ್ಲ. ಪಕ್ಕದ ಹಲ್ಲು ವಾಲುವ, ಎದುರಿನ ಹಲ್ಲು ಖಾಲಿ ಜಾಗಕ್ಕೆ ಇಳಿದುಬರುವ ಸಾಧ್ಯತೆಯನ್ನು ವೈದ್ಯರು ನೋಡಿ ಹೇಳಬೇಕು. ಆದರೂ 'ಈ ಜಾಗವನ್ನು ಹಾಗೆಯೇ ಬಿಟ್ಟರೆ ನನಗೆ ಏನಾಗುತ್ತದೆ' ಎಂದು ಕೇಳುವ ಹಕ್ಕು ನಿಮಗಿದೆ, ಕೆಲವೊಮ್ಮೆ 'ಹೆಚ್ಚೇನೂ ಆಗುವುದಿಲ್ಲ' ಎಂಬುದೇ ಪ್ರಾಮಾಣಿಕ ಉತ್ತರ.

ತುಂಬಲೇಬೇಕಾದ ಕಡೆಯೂ ಇಂಪ್ಲಾಂಟ್ ಒಂದೇ ದಾರಿಯಲ್ಲ. ಪಕ್ಕದ ಹಲ್ಲುಗಳ ಆಧಾರದ ಬ್ರಿಡ್ಜ್ ಇದೆ, ಮುಂದಿನ ಹಲ್ಲಿಗೆ ಪಕ್ಕದ ಹಲ್ಲನ್ನು ಹೆಚ್ಚು ಅರೆಯದೆ ಹಿಂಬದಿಗೆ ಅಂಟಿಸುವ ಬ್ರಿಡ್ಜ್ ಇದೆ, ತೆಗೆದು ಹಾಕಬಹುದಾದ ಭಾಗಶಃ ಸೆಟ್ಟು ಇದೆ. ಹಿಂದಿನ ಹಲ್ಲಿಗೆ ಪಿಂಗಾಣಿ ಕ್ಯಾಪಿನ ಬದಲು ಪೂರ್ತಿ ಲೋಹದ ಕ್ಯಾಪ್ ಹಾಕಿಸಿದರೆ ಅಂದ ಕಡಿಮೆ, ಬಾಳಿಕೆ ಕಡಿಮೆಯಲ್ಲ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದ ಹಿರಿಯರಿಗೆ ಹಲವು ಇಂಪ್ಲಾಂಟ್‌ಗಳ ಮೇಲೆ ಸ್ಥಿರವಾದ ಹಲ್ಲುಸಾಲು ಕಟ್ಟುವ ದೊಡ್ಡ ಯೋಜನೆಯನ್ನು ಕೊಡುವುದುಂಟು. ಆದರೆ 2002ರಲ್ಲಿ ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಅಂಥವರಿಗೆ ಕೇವಲ ಎರಡು ಇಂಪ್ಲಾಂಟ್‌ಗಳಿಗೆ ಸಿಕ್ಕಿಸಿಕೊಳ್ಳುವ ಸೆಟ್ಟನ್ನೇ ಮೊದಲ ಆಯ್ಕೆಯಾಗಿ ಕೊಡಬೇಕೆಂಬ ಒಮ್ಮತಕ್ಕೆ ಬಂದರು. ಮಾಮೂಲಿ ಸೆಟ್ಟು ಜಾರುತ್ತದೆಂದು ಊಟವನ್ನೇ ಕಡಿಮೆ ಮಾಡಿಕೊಂಡ ವೃದ್ಧರಿಗೆ ಈ ಎರಡು ಇಂಪ್ಲಾಂಟ್ ಎಷ್ಟು ದೊಡ್ಡ ಬದಲಾವಣೆ ತರುತ್ತದೆಂಬುದನ್ನು ಕಂಡವರೇ ಬಲ್ಲರು, ಖರ್ಚೋ ದೊಡ್ಡ ಯೋಜನೆಯ ಒಂದು ಪಾಲು ಮಾತ್ರ.

ಹುಳುಕಿನ ವಿಷಯದಲ್ಲೂ ಹೀಗೆಯೇ. ಹಲ್ಲಿನ ಮೇಲೆ ಹಚ್ಚಿ ಹುಳುಕನ್ನು ನಿಲ್ಲಿಸುವ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವವನ್ನು, ಗ್ಲಾಸ್ ಅಯೊನೊಮರ್ ಎಂಬ ಫಿಲ್ಲಿಂಗ್ ಸಾಮಗ್ರಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆ ದ್ರವ ಹುಳುಕಿನ ಜಾಗವನ್ನು ಕಪ್ಪಾಗಿಸುತ್ತದೆ, ಅದಕ್ಕೆ ನೀವು ಸಿದ್ಧರಿರಬೇಕು. ಆದರೆ ಮಗುವಿಗೋ, ಕುರ್ಚಿಯಲ್ಲಿ ಬಹಳ ಹೊತ್ತು ಕೂರಲಾಗದ ಅಜ್ಜಿಗೋ, ಒಮ್ಮೆಗೇ ಎಂಟು ಫಿಲ್ಲಿಂಗ್ ಮಾಡಿಸಲಾಗದವರಿಗೋ ಅದು ಸಮಯ ಕೊಡುತ್ತದೆ.

ದೊಡ್ಡ ಮೊತ್ತದ ಯೋಜನೆಗೆ ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಎಕ್ಸ್-ರೇಯ ಪ್ರತಿ ಕೈಯಲ್ಲಿದ್ದರೆ ಅದರ ಖರ್ಚು ಬರೀ ಸಮಾಲೋಚನೆಯ ಶುಲ್ಕ. ದರವನ್ನಷ್ಟೇ ಹೋಲಿಸಬೇಡಿ, ಇಬ್ಬರೂ ಒಂದೇ ಹಲ್ಲುಗಳನ್ನು ತೋರಿಸಿದರೇ ಎಂಬುದನ್ನು ಹೋಲಿಸಿ.

ಇನ್ನು ಹಣದ ದಾರಿಗಳು. ನನ್ನ ಮಟ್ಟಿಗೆ ಮೊದಲು ಹೇಳಬೇಕಾದದ್ದು ದಂತ ವೈದ್ಯಕೀಯ ಕಾಲೇಜುಗಳು. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಕೊಡುತ್ತಾರೆ, ಶುಲ್ಕ ಖಾಸಗಿ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಬಹಳ ಕಡಿಮೆ. 'ಕಲಿಯುವವರ ಕೈಗೆ ಬಾಯಿ ಕೊಡುವುದೇ?' ಎಂದು ಹಿಂಜರಿಯುವವರಿದ್ದಾರೆ. ಪ್ರತಿ ಹಂತವನ್ನೂ ಅಧ್ಯಾಪಕರು ಬಂದು ನೋಡಿ ಒಪ್ಪಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗುವುದು ಅಲ್ಲಿನ ಪದ್ಧತಿ. ಆ ಕಾರಣದಿಂದಲೇ ಕೆಲಸ ನಿಧಾನ. ಕ್ಲಿನಿಕ್‌ನಲ್ಲಿ ಒಂದು ಗಂಟೆಯ ಕೆಲಸಕ್ಕೆ ಅಲ್ಲಿ ಅರ್ಧ ದಿನ ಹಿಡಿಯಬಹುದು, ಹೆಚ್ಚು ಸಲ ಹೋಗಬೇಕಾಗಬಹುದು. ದಿನಗೂಲಿ ಬಿಟ್ಟು ಹೋಗುವವರು ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಬೇಕು. ಪದವಿ ವಿದ್ಯಾರ್ಥಿಗಳ ವಿಭಾಗ ಮತ್ತು ಸ್ನಾತಕೋತ್ತರ ವಿಭಾಗ ಬೇರೆ ಬೇರೆ ಎಂಬುದನ್ನು ನೆನಪಿಡಿ: ಇಂಪ್ಲಾಂಟ್, ಕಠಿಣ ರೂಟ್ ಕೆನಾಲ್, ವಸಡಿನ ಶಸ್ತ್ರಚಿಕಿತ್ಸೆ, ವಕ್ರದಂತ ಚಿಕಿತ್ಸೆ ಇವು ಸ್ನಾತಕೋತ್ತರ ವಿಭಾಗದಲ್ಲಿ ನಡೆಯುತ್ತವೆ. ವಿದ್ಯಾರ್ಥಿಗಳು ಕೋರ್ಸ್ ಮುಗಿಸಲು ನಿಗದಿತ ಬಗೆಯ ರೋಗಿಗಳಿಗೆ ಚಿಕಿತ್ಸೆ ನೀಡಿರಬೇಕಾಗುತ್ತದೆ. ನಿಮ್ಮ ಸಮಸ್ಯೆ ಅಂಥದ್ದಾಗಿದ್ದರೆ ಅವರಿಗೂ ನೀವು ಬೇಕಾಗಿರುತ್ತೀರಿ. ವಿದ್ಯಾಭ್ಯಾಸದ ವರ್ಷ ಮುಗಿಯುವ ಹೊತ್ತಿಗೆ ದೊಡ್ಡ ಚಿಕಿತ್ಸೆ ಆರಂಭಿಸಬೇಡಿ, ನಡುವೆ ವಿದ್ಯಾರ್ಥಿ ಬದಲಾದರೆ ಕೆಲಸ ಎಳೆಯುತ್ತದೆ.

ವಿಮೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಇಂದಿನ ದಂತ ವಿಮೆಯ ಬೇರುಗಳಲ್ಲಿ ಒಂದು 1954ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರ ಸಂಘ ತನ್ನ ಸದಸ್ಯರ ಮಕ್ಕಳಿಗಾಗಿ ಮಾಲೀಕರ ಹಣದಿಂದ ನಡೆಸಿದ ಯೋಜನೆ. ಹಲ್ಲಿನ ಖರ್ಚನ್ನು ವೇತನದ ಮಾತುಕತೆಯೊಳಗೆ ತಂದ ಆ ಕಾರ್ಮಿಕರನ್ನು ನಾನು ಗೌರವದಿಂದ ನೆನೆಯುತ್ತೇನೆ. ನೀವು ಕೆಲಸ ಮಾಡುವ ಕಡೆ ಗುಂಪು ವಿಮೆ ಇದ್ದರೆ ಅದರಲ್ಲಿ ಹಲ್ಲಿನ ಚಿಕಿತ್ಸೆಯನ್ನು ಸೇರಿಸುವಂತೆ ಒಟ್ಟಾಗಿ ಕೇಳುವುದು ಈಗಲೂ ಸಾಧ್ಯ. ಸ್ವಂತವಾಗಿ ವಿಮೆ ಕೊಳ್ಳುವವರು ಷರತ್ತುಗಳನ್ನು ಓದಲೇಬೇಕು. ದೊಡ್ಡ ಕೆಲಸಗಳಿಗೆ ಕಾಯುವ ಅವಧಿ ಇರುತ್ತದೆ, ಇಂದು ಕೊಂಡು ನಾಳೆ ಕ್ಯಾಪ್ ಹಾಕಿಸಲಾಗದು. ವರ್ಷಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ಪಾಲಿಸಿ ಪಡೆಯುವ ಮೊದಲೇ ಇಲ್ಲದಿದ್ದ ಹಲ್ಲಿನ ಜಾಗಕ್ಕೆ ಏನನ್ನೂ ಕೊಡುವುದಿಲ್ಲ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಇಂಪ್ಲಾಂಟ್ ಕೇಳಿದರೆ ಅದಕ್ಕಿಂತ ಅಗ್ಗವಾದ ಪರ್ಯಾಯದ ಮೊತ್ತವನ್ನಷ್ಟೇ ಕೊಡುವುದೂ ಉಂಟು. ಆದ್ದರಿಂದ ಚಿಕಿತ್ಸೆಗೆ ಮೊದಲೇ ಯೋಜನೆಯನ್ನು ವಿಮಾ ಕಂಪನಿಗೆ ಕಳುಹಿಸಿ ಎಷ್ಟು ಕೊಡುತ್ತಾರೆಂದು ಬರಹದಲ್ಲಿ ಪಡೆಯಿರಿ. ವಾರ್ಷಿಕ ಮಿತಿ ಇರುವಾಗ, ಕಾಯಬಲ್ಲ ಕೆಲಸಗಳಲ್ಲಿ ಕೆಲವನ್ನು ಪಾಲಿಸಿ ವರ್ಷದ ಕೊನೆಗೂ ಉಳಿದವನ್ನು ಮುಂದಿನ ವರ್ಷದ ಆರಂಭಕ್ಕೂ ಇಟ್ಟುಕೊಂಡರೆ ಎರಡು ವರ್ಷಗಳ ಮಿತಿ ನಿಮಗೆ ಒದಗುತ್ತದೆ. ಇದು ನ್ಯಾಯವಾದ, ಎಲ್ಲರೂ ಬಲ್ಲ ಕ್ರಮ.

ಹಲ್ಲಿನ ಚಿಕಿತ್ಸೆ ಕೆಲವು ಸಂದರ್ಭಗಳಲ್ಲಿ ಸಾಮಾನ್ಯ ಆರೋಗ್ಯ ವಿಮೆಯೊಳಗೆ ಬರುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದಿಲ್ಲ. ಅಪಘಾತದಲ್ಲಿ ಹಲ್ಲು ಮುರಿದದ್ದು, ದವಡೆಯ ಮೂಳೆ ಮುರಿತ, ದವಡೆಯೊಳಗಿನ ಗಡ್ಡೆಗೆ ಆಸ್ಪತ್ರೆಗೆ ದಾಖಲಾಗಿ ಮಾಡಿಸಿದ ಶಸ್ತ್ರಚಿಕಿತ್ಸೆ, ಹೃದಯದ ಕವಾಟ ಬದಲಿಸುವ ಅಥವಾ ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಕೊಡುವ ಮೊದಲು ಸೋಂಕಿನ ಹಲ್ಲುಗಳನ್ನು ತೆಗೆಸಿದ್ದು: ಇವುಗಳಿಗೆ ಸಂಬಂಧಪಟ್ಟ ವೈದ್ಯರಿಂದ ಚಿಕಿತ್ಸೆ ಏಕೆ ಅಗತ್ಯ ಎಂಬ ಪತ್ರ ಪಡೆದು ಅರ್ಜಿ ಹಾಕಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಮೇಲ್ಮನವಿ ಸಲ್ಲಿಸಿ. ಕೆಲವು ದೇಶಗಳ ತೆರಿಗೆ ಕಾನೂನಿನಲ್ಲಿ ಕೈಯಿಂದ ಕೊಟ್ಟ ಹಲ್ಲಿನ ಖರ್ಚಿಗೂ ವಿನಾಯಿತಿ ಇದೆ, ರಸೀದಿಗಳನ್ನು ಎಸೆಯಬೇಡಿ.

ಕಂತು ಮತ್ತು ಸಾಲದ ವಿಷಯದಲ್ಲಿ ನನಗೆ ನಿಜವಾಗಿಯೂ ಆತಂಕವಿದೆ. ಕ್ಲಿನಿಕ್‌ನವರೇ ಬಡ್ಡಿಯಿಲ್ಲದೆ, ಪ್ರತಿ ಭೇಟಿಯಲ್ಲಿ ಆದ ಕೆಲಸಕ್ಕೆ ಅಂದೇ ಕೊಡುವ ಕ್ರಮಕ್ಕೆ ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ, ಮತ್ತು ಕೇಳಿದರೆ ಒಪ್ಪುವವರು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚಿದ್ದಾರೆ. ಆದರೆ ಕ್ಲಿನಿಕ್‌ನ ಮೇಜಿನ ಮೇಲೆಯೇ ಸಹಿ ಹಾಕಿಸುವ ಇಎಂಐ ಬಹಳ ಸಲ ಬೇರೊಂದು ಹಣಕಾಸು ಕಂಪನಿಯ ಸಾಲವಾಗಿರುತ್ತದೆ. ಸಾಲ ಕೊಟ್ಟವರು ಪೂರ್ತಿ ಹಣವನ್ನು ಮೊದಲ ದಿನವೇ ಕ್ಲಿನಿಕ್‌ಗೆ ಪಾವತಿಸಿರುತ್ತಾರೆ. ನಡುವೆ ಚಿಕಿತ್ಸೆ ನಿಂತರೂ, ಕ್ಲಿನಿಕ್ ಮುಚ್ಚಿದರೂ ಕಂತು ನಿಲ್ಲುವುದಿಲ್ಲ. 'ಬಡ್ಡಿಯಿಲ್ಲ' ಎಂದು ಬರೆದಿದ್ದರೂ ಕೆಲವು ಒಪ್ಪಂದಗಳಲ್ಲಿ ನಿಗದಿತ ಅವಧಿಯೊಳಗೆ ಕೊನೆಯ ಪೈಸೆಯವರೆಗೂ ತೀರಿಸದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಹಾಕುವ ಷರತ್ತಿರುತ್ತದೆ. ಅಂದಿನ ದಿನವೇ ಸಹಿ ಹಾಕಬೇಡಿ. ಪತ್ರವನ್ನು ಮನೆಗೆ ತಂದು ಓದಿ: ಒಟ್ಟು ಎಷ್ಟು ಕಟ್ಟಬೇಕು, ಸಂಸ್ಕರಣಾ ಶುಲ್ಕ ಎಷ್ಟು, ಒಂದು ಕಂತು ತಪ್ಪಿದರೆ ಏನು, ಚಿಕಿತ್ಸೆ ಪೂರ್ಣವಾಗದಿದ್ದರೆ ಹಣ ಹಿಂದಿರುಗಿಸುವವರು ಯಾರು? ಅರಿವಳಿಕೆಯ ಮಂಪರಿನಲ್ಲೋ, ನೋವಿನಲ್ಲೋ ಇರುವವರ ಮುಂದೆ ಸಾಲದ ಪತ್ರ ಇಡುವುದು ಅನ್ಯಾಯ, ಎಷ್ಟೇ ಸಾಮಾನ್ಯವಾಗಿದ್ದರೂ ಅನ್ಯಾಯವೇ. ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲವನ್ನು, ಕೆಲಸದ ಕಡೆಯ ಮುಂಗಡವನ್ನು ಮೊದಲು ವಿಚಾರಿಸಿ, ಮತ್ತು ಸಾಲದ ಹಣ ರೋಗ ನಿಲ್ಲಿಸುವ ಕೆಲಸಕ್ಕೆ ಹೋಗಲಿ. ಅಂದದ ಕೆಲಸಕ್ಕೆ ಉಳಿತಾಯವಾದ ಮೇಲೆ ಹೋಗಬಹುದು.

ಅಗ್ಗವೆಂದು ಬೇರೆ ದೇಶಕ್ಕೆ ಹೋಗುವವರು ಪ್ರಯಾಣ, ವಸತಿ, ಎರಡನೆಯ ಭೇಟಿಯ ಖರ್ಚನ್ನು ಸೇರಿಸಿ ಹೋಲಿಸಲಿ. ಅವಸರದಲ್ಲಿ ಒಂದೇ ವಾರದಲ್ಲಿ ಎಲ್ಲವನ್ನೂ ಮುಗಿಸುವ ಯೋಜನೆಗಳಲ್ಲಿ ಆರೋಗ್ಯವಾಗಿದ್ದ ಹಲ್ಲುಗಳನ್ನೂ ಅರೆಯುವ ಅಪಾಯವಿದೆ. ಪರವಾನಗಿಯಿಲ್ಲದವರ ಕೈಯಲ್ಲಿ ಮಾಡಿಸುವುದನ್ನಂತೂ ಯಾವ ಉಳಿತಾಯವೂ ಸಮರ್ಥಿಸದು.

ಸರ್ಕಾರಿ ಆಸ್ಪತ್ರೆಗಳ ದಂತ ವಿಭಾಗ, ಧರ್ಮಾರ್ಥ ಚಿಕಿತ್ಸಾಲಯಗಳು, ಹಿರಿಯರಿಗೂ ಅಂಗವಿಕಲರಿಗೂ ಇರುವ ನೆರವಿನ ಯೋಜನೆಗಳು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಕೇಳಲು ಹೋಗುವಾಗ ಆದಾಯದ ದಾಖಲೆ, ಚಿಕಿತ್ಸಾ ಯೋಜನೆ, ಎಕ್ಸ್-ರೇ ಮೂರನ್ನೂ ಒಯ್ಯಿರಿ. 'ಹಲ್ಲಿನ ಚಿಕಿತ್ಸೆಗೆ ಸಹಾಯ ಬೇಕು' ಎಂಬ ಮನವಿಗಿಂತ 'ಈ ಒಂದು ಹಲ್ಲಿನ ರೂಟ್ ಕೆನಾಲ್‌ಗೆ ಇಷ್ಟು ಬೇಕು' ಎಂಬ ಮನವಿಗೆ ಬೇಗ ಉತ್ತರ ಸಿಗುತ್ತದೆ. ಮಕ್ಕಳಿಂದಲೋ ಒಡಹುಟ್ಟಿದವರಿಂದಲೋ ಕೇಳುವಾಗಲೂ ಹೀಗೆಯೇ.

ಕೊನೆಯದಾಗಿ, ಚಿಕಿತ್ಸೆಯ ನಂತರದ ಖರ್ಚನ್ನು ಮೊದಲ ಲೆಕ್ಕದಲ್ಲೇ ಸೇರಿಸಿ. ಕ್ಯಾಪ್, ಬ್ರಿಡ್ಜ್‌ಗಳಿಗೆ ಆಯಸ್ಸಿದೆ. ಹತ್ತು ಹದಿನೈದು ವರ್ಷಗಳ ನಂತರ ಬದಲಿಸಬೇಕಾಗಬಹುದು. ಇಂಪ್ಲಾಂಟ್‌ಗಳಲ್ಲಿ ಹತ್ತು ವರ್ಷ ದಾಟುವವೇ ಹೆಚ್ಚು, ಆದರೆ ಧೂಮಪಾನವೂ ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯೂ ಅವುಗಳ ಸುತ್ತಲಿನ ಎಲುಬನ್ನು ಕರಗಿಸಬಲ್ಲವು. ನಿಯಮಿತ ಕ್ಲೀನಿಂಗ್‌ಗೆ, ರಾತ್ರಿ ಹಲ್ಲು ಕಡಿಯುವವರಿಗೆ ಬೇಕಾಗುವ ಗಾರ್ಡ್‌ಗೆ ಹಣ ಇಡಬೇಕು. ಇಂಪ್ಲಾಂಟ್ ಹಾಕಿಸಿದವರು ಅದರ ಕಂಪನಿ, ಮಾದರಿ, ಅಳತೆ ಬರೆದಿರುವ ಕಾರ್ಡನ್ನು ಕೇಳಿ ಪಡೆದು ಎಕ್ಸ್-ರೇಗಳ ಜೊತೆ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಒಂದು ಸಣ್ಣ ತಿರುಪು ಸಡಿಲವಾದಾಗ, ಬೇರೊಂದು ಊರಿನ ವೈದ್ಯರು ಆ ಕಾರ್ಡನ್ನು ನೋಡಿ ಸರಿಯಾದ ಬಿಡಿಭಾಗ ತರಿಸಬಹುದು. ಅದು ಇಲ್ಲದಿದ್ದರೆ ಕೆಲವೊಮ್ಮೆ ಇಡೀ ಕೆಲಸವನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ.